ಬೇಲಿ ಬದಿಯಿಂದ

ನಾಕ್‌ಬ್ರಾಕ್, ಲಿಮರಿಕ್
9 ನವೆಂಬರ್ 1987

ಪ್ರೀತಿಯ ಈಟಾ,

ಸೆಪ್ಟೆಂಬರಿನಲ್ಲಿ ನೀನು ಕಳಿಸಿದ ಕಾರ್ಡು ಇನ್ನೂ ಗಡಿಯಾರದ ಪಕ್ಕದಲ್ಲೇ ನಿಂತಿದೆ. ‘ಚೆನ್ನಾಗಿದ್ದೇನೆ, ಇಲ್ಲಿ ಮಳೆ’ ಎಂದು ಬರೆದಿದ್ದೀಯ. ಮಳೆ ಇಲ್ಲೂ ಇದೆ ಕಣೇ. ಆ ಸುದ್ದಿಗೆ ಇಂಗ್ಲೆಂಡಿನಿಂದ ಅಂಚೆಚೀಟಿ ಹಚ್ಚಬೇಕಾಗಿರಲಿಲ್ಲ.

ಇಲ್ಲಿ ಒಂದು ಸಂಗತಿ ನಡೆದಿದೆ. ಗಸ್ ಹೀಲಿ ಹೋದ ವಾರ ನಮ್ಮ ಪತ್ರಿಕೆಯ ಕಚೇರಿಯಲ್ಲೇ ಕುಸಿದುಬಿದ್ದ. ಪಾರ್ಶ್ವವಾಯು. ಬಲಗೈ ಬಿದ್ದುಹೋಗಿದೆ, ಮಾತು ಅರ್ಧ ಬಾಯಿಂದ ಬರುತ್ತದೆ. ನಿನ್ನ ಅಪ್ಪ ಗುರುವಾರ ಪತ್ರಿಕೆ ಬಂದ ಕೂಡಲೇ ಮೊದಲು ತೆರೆಯುತ್ತಿದ್ದ ‘ಬೇಲಿ ಬದಿಯಿಂದ’ ಅಂಕಣ ಅವನದೇ. ಮುಂದಿನ ಓಟಗಳಲ್ಲಿ ಯಾವ ಕುದುರೆ ಬೇಲಿಗಳನ್ನು ಹೇಗೆ ಹಾರೀತು, ಯಾವುದರ ಮೇಲೆ ನಂಬಿಕೆ ಇಡಬಹುದು ಎಂದು ಅವನು ಬರೆದರೆ ಊರೇ ಓದುತ್ತಿತ್ತು. ಹೆಸರು ಮಾತ್ರ ಹಾಕುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಡುತ್ತಿರಲಿಲ್ಲ. ಅವನ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರ ಓದಿ ಟೈಪ್ ಮಾಡುತ್ತಿದ್ದವಳು ನಾನು. ಮರಣದ ಪ್ರಕಟಣೆ, ಹಸು ಮಾರಾಟ, ಅದಾದ ಮೇಲೆ ಗಸ್‌ನ ಕುದುರೆಗಳು.

ಸಂಪಾದಕ ಲಾಫನ್ ಸಾಹೇಬರು ನನ್ನ ಮೇಜಿನ ಮುಂದೆ ಬಂದು ನಿಂತರು. ‘ನೋನಿ, ಗಸ್ ಎದ್ದು ಬರೋ ತನಕ ನೀವೇ ಬರೆದುಬಿಡಿ.’

‘ನನಗೆ ಕುದುರೆ ವಿಷಯ ಏನ್ ಗೊತ್ತು ಸಾರ್?’

‘ಇಷ್ಟು ವರ್ಷ ಟೈಪ್ ಮಾಡಿದ್ದೀರಲ್ಲ. ಅವನ ತಲೇಲಿ ಇರೋದು ಅವನಿಗಿಂತ ನಿಮಗೇ ಚೆನ್ನಾಗಿ ಗೊತ್ತಿರತ್ತೆ.’

ಆಸ್ಪತ್ರೆಗೆ ಹೋಗಿ ಗಸ್‌ನನ್ನೇ ಕೇಳಿದೆ. ಅವನು ಎಡಗೈಯಲ್ಲಿ ನನ್ನ ತೋಳು ಹಿಡಿದುಕೊಂಡು ಎರಡೇ ಮಾತು ಹೇಳಿದ. ‘ಪ್ರತಿ ಕುದುರೆಗೂ ಒಂದು ಸಾಲು. ಕುಂಟು ಕುದುರೆ ಆದ್ರೂ ಸರಿ, ಸಾಲು ತಪ್ಪಿಸ್ಬೇಡ.’ ಆಮೇಲೆ, ‘ಕಣ್ಣಾರೆ ಕಂಡಿದ್ದು ಬರಿ. ಯಾರೋ ಹೇಳಿದ್ದು ಬೇಡ.’

ಕಣ್ಣಾರೆ ಕಾಣಬೇಕೆಂದರೆ ನೋಡಬೇಕು. ಟೆಡ್ಡಿ ತನ್ನ ಪಬ್ಬಿನಲ್ಲಿ ಟೀವಿಯಲ್ಲಿ ಬರುವ ಶನಿವಾರದ ಓಟಗಳನ್ನೆಲ್ಲ ಟೇಪ್ ಮಾಡಿಟ್ಟಿರುತ್ತಾನೆ. ನಾಳೆ ಬೆಳಿಗ್ಗೆ ಪಬ್ಬು ತೆಗೆಯುವ ಮುಂಚೆ ಹೋಗಿ ಕೂರಬೇಕು. ಓಟ ಶುರುವಾದರೆ ಸಾಕು, ನನಗೆ ಹೊಸಿಲು ತೊಳೆಯುವ ಕೆಲಸ ನೆನಪಾಗುತ್ತದೆ. ನಿನಗೆ ಅದು ಗೊತ್ತೇ ಇದೆ.

ಹೊತ್ತಿಗೆ ಸರಿಯಾಗಿ ತಿನ್ನು. ತೂಕ ಇಳಿಸುತ್ತೇನೆಂದು ಬರೀ ಚಹಾ ಕುಡಿದುಕೊಂಡಿರಬೇಡ.

ನಿನ್ನ
ಅಮ್ಮ


ಹೆರಫರ್ಡ್
2 ಡಿಸೆಂಬರ್ 1987

ಅಮ್ಮಾ,

ನಿನ್ನ ಪತ್ರ ಓದಿ ಕುದುರೆ ಲಾಯದಲ್ಲಿ ಒಬ್ಬಳೇ ನಕ್ಕೆ. ಯಾವ ಕುದುರೆ ಗೆಲ್ಲುತ್ತದೆಂದು ನೀನು ಟಿಪ್ ಕೊಡುವವಳಾದೆಯಾ? ಗಸ್ ಹೀಲಿಗೆ ಹೀಗಾದದ್ದು ಬೇಜಾರಿನ ವಿಷಯ. ಅಪ್ಪ ಇದ್ದಿದ್ದರೆ ದಿನಾ ಹೋಗಿ ಪಕ್ಕದಲ್ಲಿ ಕೂತು ತಲೆ ತಿನ್ನುತ್ತಿದ್ದ.

ನಾನು ಸವಾರಿ ಮಾಡಿದ ಪ್ರತಿ ಓಟಕ್ಕೂ ಅಪ್ಪ ಬರುತ್ತಿದ್ದ. ನೀನು ಒಂದಕ್ಕೂ ಬರಲಿಲ್ಲ. ಈಗ ಯಾರ್ಯಾರದೋ ಕುದುರೆ ನೋಡಲು ಬೆಳಿಗ್ಗೆಯೇ ಪಬ್ಬಿಗೆ ಹೋಗುತ್ತೀಯ. ಇರಲಿ ಬಿಡು, ಜಗಳಕ್ಕೆ ಬರೆಯುತ್ತಿಲ್ಲ.

ನನ್ನ ಸುದ್ದಿ ಏನಿದೆ. ಲಾಯದ ಮೇಲಿನ ಕೋಣೆ, ಒಂದು ಮಂಚ, ಒಂದು ಕೆಟಲ್. ಉಳಿದ ಹುಡುಗಿಯರೆಲ್ಲ ಇಲ್ಲಿನವರು. ಭಾನುವಾರ ಸಂಜೆ ಅವರವರ ಮನೆಗೆ ಹೋಗುತ್ತಾರೆ, ನಾನು ಸಾಕ್ಸ್ ಒಗೆಯುತ್ತೇನೆ. ಆದರೆ ಒಂದು ಒಳ್ಳೆಯ ಕುದುರೆ ಕೈಗೆ ಬಂದಿದೆ. ಹೆಸರು ಸಂಡೇ ಕೋಟ್. ಕಂದು ಬಣ್ಣ, ಉದ್ದ ಮುಖ, ಬೇರೆ ಯಾರು ಹತ್ತಿದರೂ ಹಲ್ಲು ಕಡಿಯುತ್ತದೆ. ನಾನು ಬಾಗಿಲಿಗೆ ಬಂದರೆ ಮಾತ್ರ ಹುಲ್ಲು ಬಿಟ್ಟು ತಲೆ ತಿರುಗಿಸಿ ನೋಡುತ್ತದೆ. ಇಡೀ ಇಂಗ್ಲೆಂಡಿನಲ್ಲಿ ನಾನು ಬಂದೆನೆಂದು ತಲೆ ತಿರುಗಿಸುವುದು ಅದೊಂದೇ.

ಅದರ ಮಾಲೀಕ ಕಾನ್ರಾಯ್ ನಮ್ಮ ಕಡೆಯವನೇ. ಕಾವೆಂಟ್ರಿಯಲ್ಲಿ ಮನೆ ಕಟ್ಟಿಸಿ ಮಾರಿ ದೊಡ್ಡವನಾದವನು. ಈಸ್ಟರ್ ಸೋಮವಾರ ನಾಕ್‌ಬ್ರಾಕಿನ ದೊಡ್ಡ ಓಟದಲ್ಲಿ ತನ್ನ ಕುದುರೆ ಗೆಲ್ಲಬೇಕು, ಹಳೇ ಊರಿನವರು ನೋಡಬೇಕು ಎಂಬ ಆಸೆ. ನಮ್ಮ ಟ್ರೇನರ್ ಪ್ರಾಸರ್ ಒಪ್ಪಿದ್ದಾರೆ. ಸವಾರಿ ನನ್ನದೇ. ನನ್ನ ಬಗ್ಗೆಯೂ ಒಂದು ಸಾಲು ಬರೆಯಬೇಕಾದೀತು, ತಯಾರಾಗಿರು.

ಈಟಾ


ನಾಕ್‌ಬ್ರಾಕ್
6 ಜನವರಿ 1988

ಪ್ರೀತಿಯ ಈಟಾ,

ಕ್ರಿಸ್‌ಮಸ್ಸಿಗೆ ಕುದುರೆಗಳಿಗೆ ಮೇವು ಹಾಕುವವರು ಬೇಕು, ಬರಲಾಗುವುದಿಲ್ಲ ಎಂದು ನೀನು ಬರೆದೆ. ನಾನು ಅರ್ಥಮಾಡಿಕೊಂಡೆ. ಹಂದಿ ಮಾಂಸದ ತುಂಡು ಒಬ್ಬಳಿಗೆ ಜಾಸ್ತಿಯಾಯಿತು. ಬೇಯಿಸಿ, ಡಬ್ಬಿಗೆ ಹಾಕಿಕೊಂಡು ಗಸ್ ಹತ್ತಿರ ಹೋದೆ. ಸಣ್ಣಗೆ ಕತ್ತರಿಸಿ ತಿನ್ನಿಸಿದೆ. ಅವನಿಗೂ ಬೇರೆ ಯಾರೂ ಬಂದಿರಲಿಲ್ಲ.

ನನ್ನ ಅಂಕಣ ಓಡುತ್ತಿದೆ. ಬರೆಯುವವಳು ನಾನೆಂದು ಊರಿಗೆ ಇನ್ನೂ ಗೊತ್ತಿಲ್ಲ. ಮೊನ್ನೆ ಕ್ವಿರ್ಕ್ ಎನ್ನುವ ರೈತ ಹಸುವಿನ ಜಾಹೀರಾತು ಕೊಡಲು ಬಂದವನು ನನ್ನ ಎದುರಿಗೇ ನಿಂತು, ‘ಗಸ್‌ಗೆ ಲಕ್ವ ಹೊಡೆದ ಮೇಲೇ ಬುದ್ಧಿ ಬಂದಿದೆ ನೋಡಿ, ಮೂರು ಟಿಪ್ ಸರಿಯಾಗಿ ಬಂತು’ ಎಂದ. ನಾನು ತಲೆ ಎತ್ತದೆ ಹಸುವಿನ ವಯಸ್ಸು ಕೇಳಿದೆ.

ಮೊದಮೊದಲು ಕುದುರೆಗಳೆಲ್ಲ ಒಂದೇ ತರ ಕಾಣುತ್ತಿದ್ದವು. ಈಗ ಹಾಗಲ್ಲ. ಕೆಲವು ಬೇಲಿಯನ್ನು ದೂರದಿಂದಲೇ ಅಳೆಯುತ್ತವೆ. ಕೆಲವು ಹತ್ತಿರ ಬಂದ ಮೇಲೆ ಗಾಬರಿಬಿದ್ದು ಎರಡು ಪುಟ್ಟ ಹೆಜ್ಜೆ ಸೇರಿಸಿ ಹಾರುತ್ತವೆ. ಕೆಸರಿನಲ್ಲಿ ಖುಷಿಯಾಗಿರುವವು, ಕಾಲು ಒದ್ದೆಯಾದರೆ ಮುನಿಸಿಕೊಳ್ಳುವವು, ಮುಂದೆ ಇನ್ನೊಂದು ಕುದುರೆ ಇದ್ದರೆ ಮಾತ್ರ ಓಡುವವು, ಎಲ್ಲವೂ ಇವೆ. ಮದುವೆ ಮನೆಯ ಜನರನ್ನು ನೋಡಿದ ಹಾಗೆಯೇ. ಗಸ್ ಇಷ್ಟು ವರ್ಷ ಒಂಟಿಯಾಗಿ ಹೇಗಿದ್ದನೆಂದು ಈಗ ತಿಳಿಯಿತು. ಅವನಿಗೆ ಜೊತೆಗೆ ಇವೆಲ್ಲ ಇದ್ದವು.

ನಿನ್ನ ಸಂಡೇ ಕೋಟ್ ಇರುವ ಟೇಪುಗಳೂ ಟೆಡ್ಡಿಯ ಹತ್ತಿರ ಇವೆ. ಆ ಓಟ ಬಂದಾಗ ಅವನೇ ಗುಂಡಿ ಒತ್ತಿ ಮುಂದಕ್ಕೆ ಓಡಿಸುತ್ತಾನೆ. ನಾನೂ ಹೇಳುವುದಿಲ್ಲ, ಅವನೂ ಕೇಳುವುದಿಲ್ಲ.

ಈಸ್ಟರಿಗೆ ಬಂದಾಗ ಮನೆಯಲ್ಲೇ ಮಲಗುತ್ತೀಯಲ್ಲ? ನಿನ್ನ ಮಂಚಕ್ಕೆ ಹೊಸ ಹಾಸಿಗೆ ತರಿಸಿದ್ದೇನೆ.

ನಿನ್ನ
ಅಮ್ಮ


ಹೆರಫರ್ಡ್
11 ಫೆಬ್ರವರಿ 1988

ಅಮ್ಮಾ,

ಚಿಕ್ಕ ಪತ್ರ, ಕ್ಷಮಿಸು. ಸಂಡೇ ಕೋಟ್ ಶನಿವಾರ ಗೆದ್ದಿತು. ಅದಕ್ಕೂ ಮುಂಚೆ ಬೇರೆ ಕುದುರೆಯಿಂದ ಒಂದು ಸಲ ಬಿದ್ದೆ, ಏನೂ ಆಗಿಲ್ಲ. ಈಸ್ಟರಿಗೆ ಕುದುರೆಯ ಜೊತೆಗೇ ಹಡಗಿನಲ್ಲಿ ಬರಬೇಕು, ಅದರ ಪಕ್ಕದಲ್ಲೇ ಮಲಗಬೇಕು. ಮನೆಗೆ ಬರಲು ಆಗುವುದಿಲ್ಲ ಅನ್ನಿಸುತ್ತದೆ.

ಹಾಸಿಗೆ ಯಾಕೆ ತರಿಸಿದೆ?

ಈಟಾ


ನಾಕ್‌ಬ್ರಾಕ್
14 ಮಾರ್ಚ್ 1988

ಪ್ರೀತಿಯ ಈಟಾ,

ಈಸ್ಟರ್ ಸೋಮವಾರದ ಓಟಗಳಿಗೆ ಹೆಸರುಗಳು ಬಂದಿವೆ. ಸಂಡೇ ಕೋಟ್ ಪಟ್ಟಿಯಲ್ಲಿದೆ. ಹಾಗಾಗಿ ಇವತ್ತು ಬೆಳಿಗ್ಗೆ ಟೆಡ್ಡಿ ಗುಂಡಿಗೆ ಕೈ ಹಾಕಿ, ‘ಮುಂದಕ್ಕೆ ಓಡಿಸ್ಲಾ?’ ಎಂದಾಗ, ‘ಬೇಡ, ಇರ್ಲಿ ಬಿಡು’ ಎಂದೆ. ಅವನು ಏನೋ ನೆಪ ಮಾಡಿಕೊಂಡು ಗ್ಲಾಸು ತೊಳೆಯಲು ಹೋದ.

ನೀನು ಕುದುರೆಯ ಮೇಲೆ ಕೂರುವುದು ಎಷ್ಟು ಚೆಂದ ಈಟಾ. ಯಾರೂ ನನಗೆ ಹೇಳಲೇ ಇಲ್ಲ. ಅಪ್ಪ ಹೇಳುತ್ತಿದ್ದ, ಆದರೆ ಅಪ್ಪನಿಗೆ ನೀನು ಆಲೂಗಡ್ಡೆ ಸುಲಿದರೂ ಚೆಂದವೇ. ಬೇಲಿಗೆ ಬರುವಾಗ ನೀನು ಏನೂ ಮಾಡದೆ ಸುಮ್ಮನೆ ಕೂತಿರುತ್ತೀಯ, ಕುದುರೆ ನಿನ್ನ ಮೇಲೆ ಭಾರ ಹಾಕಿ ಹಾರುತ್ತದೆ. ಒಬ್ಬಳೇ ಕೂತು ಅತ್ತೆ.

ಆಮೇಲೆ ಇನ್ನೊಂದು ಸಲ ಹಾಕಿಸಿದೆ. ಬರೆಯುವುದಕ್ಕೆಂದು ನೋಡುವಾಗ ಎರಡು ಸಲ ನೋಡುವುದು ಅಭ್ಯಾಸವಾಗಿದೆ. ಬೇಲಿ ದಾಟಿ ನೆಲಕ್ಕೆ ಬಂದಾಗ ಕುದುರೆ ಕತ್ತು ಚಾಚುತ್ತದೆ, ಲಗಾಮು ಬೆರಳುಗಳಿಂದ ಜಾರುತ್ತದೆ. ಎಲ್ಲ ಜಾಕಿಗಳೂ ಎರಡೂ ಕೈಯಲ್ಲಿ ಅದನ್ನು ಮತ್ತೆ ಎಳೆದುಕೊಳ್ಳುತ್ತಾರೆ. ನೀನು ಬಲಗೈ ಒಂದರಲ್ಲೇ ಎಳೆದುಕೊಂಡೆ. ಎಡ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು. ಗೆದ್ದ ಮೇಲೆ ಜೀನು ಇಳಿಸಿದ್ದೂ ಒಂದೇ ಕೈಯಲ್ಲಿ.

ನಿನಗೆ ನೆನಪಿದೆಯೋ ಇಲ್ಲವೋ. ಚಿಕ್ಕವಳಿದ್ದಾಗ ಹುಲ್ಲಿನ ಅಟ್ಟದಿಂದ ಬಿದ್ದು ಎರಡು ದಿನ ಬಾಯಿಬಿಡಲಿಲ್ಲ. ಹಾಲಿನ ಬಕೆಟ್ಟನ್ನು ಬಲಗೈಯಲ್ಲೇ ಹಿಡಿದು, ಗೇಟನ್ನು ಸೊಂಟದಿಂದ ತಳ್ಳಿ ಮುಚ್ಚಿದೆ. ಅಡುಗೆಮನೆಯ ಕಿಟಕಿಯಿಂದ ನೋಡಿದ ಕೂಡಲೇ ನನಗೆ ತಿಳಿಯಿತು. ಮೂಳೆ ಮುರಿದಿತ್ತು. ಇವತ್ತು ಆ ಟೀವಿಯೂ ಅದೇ ಕಿಟಕಿಯಾಯಿತು.

ನಿನ್ನ ಎಡ ಭುಜಕ್ಕೆ ಏನಾಗಿದೆ ಹೇಳು. ಕಣ್ಣಾರೆ ಕಂಡದ್ದನ್ನು ಬರೆಯಬೇಕು ಎಂದಿದ್ದಾನೆ ಗಸ್. ನಾನು ಕಂಡುಬಿಟ್ಟಿದ್ದೇನೆ.

ನಿನ್ನ
ಅಮ್ಮ


ಹೆರಫರ್ಡ್
19 ಮಾರ್ಚ್ 1988

ಅಮ್ಮಾ,

ಇಷ್ಟು ವರ್ಷ ನನ್ನನ್ನು ನೋಡದವಳು ಮೊದಲ ಸಲ ನೋಡಿ ಇದನ್ನೇ ನೋಡಿದೆಯಲ್ಲ. ನಿನಗೆ ಏನು ಹೇಳಲಿ.

ಹೌದು. ಭುಜ ಕಳಚಿಕೊಳ್ಳುತ್ತದೆ. ಮೊದಲು ಅಪರೂಪಕ್ಕೆ, ಜನವರಿಯಲ್ಲಿ ಬಿದ್ದ ಮೇಲೆ ಆಗಾಗ. ಲಾಯದ ಗೋಡೆಗೆ ಒತ್ತಿ ನಾನೇ ಕೂರಿಸಿಕೊಳ್ಳುತ್ತೇನೆ. ಅಂಗಿಯ ಒಳಗೆ ಬಿಗಿಯಾಗಿ ಪಟ್ಟಿ ಸುತ್ತಿರುತ್ತೇನೆ, ಯಾರಿಗೂ ಕಾಣುವುದಿಲ್ಲ. ಓಟದ ಡಾಕ್ಟರಿಗೆ ಗೊತ್ತಾದರೆ ಅವತ್ತೇ ಸವಾರಿ ನಿಲ್ಲಿಸುತ್ತಾರೆ. ಆಪರೇಷನ್ ಮಾಡಿಸಿದರೆ ಮತ್ತೆ ಹತ್ತುತ್ತೇನೋ ಇಲ್ಲವೋ ಯಾರೂ ಹೇಳುವುದಿಲ್ಲ.

ನೀನು ಬರೆದರೆ ಕಾನ್ರಾಯ್ ಓದುತ್ತಾನೆ. ಅವನಿಗೆ ಊರಿನ ಪತ್ರಿಕೆ ಅಂಚೆಯಲ್ಲಿ ಬರುತ್ತದೆ, ಮರಣದ ಪ್ರಕಟಣೆ ಕೂಡ ಬಿಡುವುದಿಲ್ಲ. ಸಂಡೇ ಕೋಟನ್ನು ಬೇರೆಯವರಿಗೆ ಕೊಡುತ್ತಾನೆ. ಆಮೇಲೆ ನನಗೆ ಏನು ಉಳಿಯಿತು? ಮಂಚ, ಕೆಟಲ್. ಇಲ್ಲಿ ನನ್ನನ್ನು ಊರಿನ ಹುಡುಗಿ ಅನ್ನುವವರಿಲ್ಲ, ಗೆಳತಿ ಅನ್ನುವವರಿಲ್ಲ. ಕುದುರೆಯ ಮೇಲೆ ಕೂತಾಗ ಮಾತ್ರ ಮೈಕಿನಲ್ಲಿ ನನ್ನ ಹೆಸರು ಕೂಗುತ್ತಾರೆ. ಅದು ಸುಳ್ಳಲ್ಲ ಅಮ್ಮಾ, ಅಷ್ಟೇ ಇರುವುದು.

ಬರೆಯಬೇಡ. ನಿನ್ನ ಕಾಲಿಗೆ ಬೀಳುತ್ತೇನೆ. ಈ ಒಂದು ಓಟ ಮುಗಿಯಲಿ.

ಈಟಾ


ನಾಕ್‌ಬ್ರಾಕ್
30 ಮಾರ್ಚ್ 1988

ಪ್ರೀತಿಯ ಈಟಾ,

ಈ ಪತ್ರ ಹೆರಫರ್ಡಿಗೆ ಹೋಗುವಷ್ಟರಲ್ಲಿ ನೀನು ಹಡಗು ಹತ್ತಿರುತ್ತೀಯ. ಅದಕ್ಕೇ ಓಟದ ಮೈದಾನದ ಕಚೇರಿಯಲ್ಲಿ ನಿನ್ನ ಹೆಸರಿಗೆ ಬಿಟ್ಟು ಬರುತ್ತೇನೆ. ಅಂಕಣದ ಕತ್ತರಿಕೆಯನ್ನೂ ಒಳಗಿಡುತ್ತೇನೆ.

ಇಷ್ಟು ವರ್ಷ ನೋಡಲಿಲ್ಲ ಎಂದೆ. ಅದಕ್ಕೆ ಉತ್ತರ ಕೊಡುತ್ತೇನೆ, ಕೇಳು.

ಅಪ್ಪ ಇದ್ದಾಗ ಅವನು ಓಟದಿಂದ ಬಂದು ಬಾಗಿಲು ತೆರೆದ ಕೂಡಲೇ ಮುಖ ನೋಡಿ ನಾನು ತಿಳಿದುಕೊಳ್ಳುತ್ತಿದ್ದೆ. ಅವನು ಹೋದ ಮೇಲೆ ಟೆಡ್ಡಿಗೆ ಹೇಳಿದೆ. ಅಂದಿನಿಂದ ನಿನ್ನ ಪ್ರತಿ ಓಟಕ್ಕೂ ಟೆಡ್ಡಿ ಪಬ್ಬಿನಲ್ಲಿ ರೇಡಿಯೋ ಹಾಕಿಕೊಂಡು ಕೂತು ಕೇಳುತ್ತಾನೆ, ಮುಗಿದ ಕೂಡಲೇ ನಮ್ಮ ಮನೆಗೆ ಫೋನ್ ಮಾಡುತ್ತಾನೆ. ಒಂದೇ ಸಲ ಗಂಟೆ ಬಡಿದು ನಿಂತರೆ ನೀನು ಇನ್ನೂ ಕುದುರೆಯ ಮೇಲೇ ಇದ್ದೀಯ ಎಂದರ್ಥ. ಅದನ್ನು ನಾನು ಎತ್ತಬಾರದು. ಬಡಿಯುತ್ತಲೇ ಇದ್ದರೆ ಎತ್ತಬೇಕು. ಓಟ ಶುರುವಾದಾಗಿನಿಂದ ಫೋನು ಬಡಿಯುವವರೆಗೆ ನಾನು ಹೊಸಿಲು ತೊಳೆಯುತ್ತೇನೆ. ಈ ಊರಿನಲ್ಲಿ ನಮ್ಮಷ್ಟು ಶುಭ್ರವಾದ ಹೊಸಿಲು ಇನ್ನೊಬ್ಬರದಿಲ್ಲ. ಕಲ್ಲು ನಡುವೆ ಸವೆದುಹೋಗಿದೆ, ಬಂದಾಗ ನೋಡು.

ಒಮ್ಮೆ ಓಟದ ಹೊತ್ತಿಗೆ ಸರಿಯಾಗಿ ಪಾದ್ರಿಗಳು ಫೋನ್ ಮಾಡಿದರು. ಬಡಿಯುತ್ತಲೇ ಇತ್ತು. ನಾನು ಗೋಡೆ ಹಿಡಿದುಕೊಂಡು ಹೋಗಿ ಎತ್ತಿದೆ. ‘ನೋನಿ, ಭಾನುವಾರ ಚರ್ಚಿಗೆ ಹೂವಿಡೋ ಸರದಿ ನಿಮ್ದೇ ಅಲ್ವಾ?’ ಎಂದರು. ಜೋರಾಗಿ ಅತ್ತುಬಿಟ್ಟೆ. ಹೂವಿನ ಸರದಿಗೆ ಹಾಗೆ ಅಳುವವಳನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ.

ನಿನ್ನನ್ನು ನೋಡದೆ ಇದ್ದದ್ದು ನೀನು ಬೇಡವಾಗಿ ಅಲ್ಲ. ನನಗೆ ಇರುವವಳು ನೀನೊಬ್ಬಳೇ, ಅದಕ್ಕೆ. ಇದನ್ನು ಎದುರಿಗೆ ಹೇಳಲು ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಬರೆಯಬೇಡ ಎಂದೆ. ಭುಜದ ವಿಷಯ ಬರೆದಿಲ್ಲ. ಅದನ್ನು ಯಾರಿಗೂ ಹೇಳಿಲ್ಲ, ಟೆಡ್ಡಿಗೂ ಇಲ್ಲ. ಅದು ನಿನ್ನ ಮೈ, ನೀನೇ ತೀರ್ಮಾನ ಮಾಡಬೇಕು. ಆದರೆ ನಿನ್ನ ಕುದುರೆಯ ಸಾಲನ್ನು ತಪ್ಪಿಸಲೂ ಇಲ್ಲ, ಸುಳ್ಳೂ ಬರೆದಿಲ್ಲ. ಲಾಫನ್ ಸಾಹೇಬರು ರಜೆಯ ಅವಸರದಲ್ಲಿ ಓದದೇ ಅಚ್ಚಿಗೆ ಕಳಿಸಿದರು. ಗುರುವಾರ ಓದುತ್ತಾರೆ.

ನಿನ್ನ
ಅಮ್ಮ


(ಕತ್ತರಿಕೆ)

ಬೇಲಿ ಬದಿಯಿಂದ

ಈಸ್ಟರ್ ಸೋಮವಾರ, ನಾಕ್‌ಬ್ರಾಕ್. ದಿನದ ದೊಡ್ಡ ಓಟ, ಮೂರು ಮೈಲಿ.

ನೆಲ: ಚರ್ಚಿನಿಂದ ಬರುತ್ತ ಮೈದಾನ ಸುತ್ತಿ ಹಿಮ್ಮಡಿ ಒತ್ತಿ ನೋಡಿದ್ದೇನೆ. ಮುಂಭಾಗ ಮೆತ್ತಗಿದೆ. ದೂರದ ತಿರುವಿನಲ್ಲಿ ಬೂಟು ಕಚ್ಚಿಕೊಳ್ಳುವಷ್ಟು ಕೆಸರು. ಮತ್ತೆ ಮಳೆ ಬಾರದಿದ್ದರೆ ಇನ್ನೂ ಅಂಟಾಗುತ್ತದೆ.

ಬಿಷಪ್ಸ್ ಅಂಬ್ರೆಲಾ: ಕೆಸರಿನಲ್ಲೇ ಹುಟ್ಟಿದ ಹಾಗೆ ಓಡುತ್ತದೆ. ಹಾರುವುದು ಚೆಂದವಿಲ್ಲ, ಆದರೆ ಎಂದೂ ಬಿದ್ದಿಲ್ಲ. ನನ್ನ ಆಯ್ಕೆ ಇದೇ.

ಕಾಪರ್ ಕೆಟಲ್: ಬೇಗ ಕುದಿಯುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿರುತ್ತದೆ, ನೋಡಿ ಆನಂದಿಸಿ, ನಂಬಬೇಡಿ.

ಮಿಸ್ ಟ್ವೋಮಿ: ಒಳ್ಳೆಯ ಹೆಣ್ಣು ಕುದುರೆ. ಈ ದೂರ ಅವಳಿಗೆ ಜಾಸ್ತಿ. ಮೂರನೆಯ ಸ್ಥಾನ ಬಂದರೆ ಮೆಚ್ಚಬೇಕು.

ಡ್ರಮ್‌ಕೀನ್ ಲ್ಯಾಡ್: ವಯಸ್ಸಾಗಿದೆ. ಅವನಿಗೂ ಗೊತ್ತು, ನಮಗೂ ಗೊತ್ತು, ಮಾಲೀಕನಿಗೆ ಯಾರಾದರೂ ಹೇಳಬೇಕು.

ಸಂಡೇ ಕೋಟ್: ಈ ಓಟದ ಎಲ್ಲಕ್ಕಿಂತ ಒಳ್ಳೆಯ ಕುದುರೆ. ಆದರೂ ನಾನು ಆರಿಸಿಲ್ಲ. ಇದರ ಮೇಲೆ ಕೂರುವವಳು ಈಟಾ ಕ್ರೆಮಿನ್. ಚಳಿಗಾಲದಿಂದ ಇಲ್ಲಿ ಬರೆಯುತ್ತಿರುವವಳು ಅವಳ ತಾಯಿ. ಮಗಳ ಕುದುರೆಯ ಬಗ್ಗೆ ತಾಯಿಯ ಮಾತು ನಂಬಲು ತಕ್ಕದ್ದಲ್ಲ, ಆದ್ದರಿಂದ ಓದುಗರು ಬೇರೆಯವರನ್ನು ಕೇಳುವುದು ಒಳ್ಳೆಯದು. ನಾನು ಅವತ್ತು ಕೊನೆಯ ಬೇಲಿಯ ಬದಿಯಲ್ಲಿ ನಿಂತಿರುತ್ತೇನೆ.

ನೋನಿ ಕ್ರೆಮಿನ್


ಹೆರಫರ್ಡ್
13 ಏಪ್ರಿಲ್ 1988

ಅಮ್ಮಾ,

ಅವತ್ತು ಸುತ್ತಲೂ ಜನ, ಆ್ಯಂಬುಲೆನ್ಸಿನವರ ಅವಸರ. ಆಮೇಲೆ ನಮ್ಮಿಬ್ಬರಿಗೂ ಸರಿಯಾಗಿ ಒಂದು ಮಾತೂ ಆಡಲಾಗಲಿಲ್ಲ. ಮರುದಿನ ಕುದುರೆಯ ಜೊತೆಗೆ ನನ್ನನ್ನೂ ಹಡಗಿಗೆ ಹತ್ತಿಸಿದರು. ಅದಕ್ಕೆ ಈಗ ಬರೆಯುತ್ತೇನೆ.

ಹೆಂಗಸು ಜಾಕಿಗೆ ಬೇರೆ ಕೋಣೆ ಇಲ್ಲವೆಂದು ಚಹಾ ಮಾಡುವ ಕೋಣೆಯಲ್ಲಿ ಬಟ್ಟೆ ಬದಲಿಸಿಕೊಳ್ಳಲು ಹೇಳಿದ್ದರು. ನಿನ್ನ ಪತ್ರ ಅಲ್ಲೇ ಓದಿದೆ. ಚಹಾದ ಹೆಂಗಸೊಬ್ಬಳು ಕಪ್ಪುಗಳ ಕೆಳಗೆ ಹಾಸಿದ್ದ ಪತ್ರಿಕೆಯನ್ನು ತೋರಿಸಿ, ‘ಓದಿದ್ಯೇನಮ್ಮಾ ಇದನ್ನ? ಆ ತಾಯಿಗೆ ತಲೆ ಕೆಟ್ಟಿರ್ಬೇಕು’ ಎಂದಳು. ನಾನು ಹೌದು ಎಂದೆ. ಒಂದೇ ಸಲ ಬಡಿಯುವ ಫೋನಿನ ವಿಷಯ ಓದಿದಾಗ ಪಟ್ಟಿ ಸುತ್ತಿಕೊಳ್ಳುತ್ತಿದ್ದ ಕೈ ನಿಂತಿತು. ಆದರೂ ಸುತ್ತಿಕೊಂಡೆ. ಸವಾರಿ ಬಿಡಬೇಕೆಂದು ಆಗ ಅನ್ನಿಸಲಿಲ್ಲ. ಸುಳ್ಳು ಹೇಳುವುದಿಲ್ಲ.

ನೀನು ಬರೆದ ಹಾಗೆಯೇ ಆಯಿತು. ಕಾಪರ್ ಕೆಟಲ್ ಮೊದಲ ಸುತ್ತು ಕುದಿಯಿತು, ಆಮೇಲೆ ಆರಿತು. ದೂರದ ತಿರುವಿನಲ್ಲಿ ಎಲ್ಲರೂ ಕೆಸರಿನಲ್ಲಿ ಕಷ್ಟಪಡುತ್ತಿದ್ದಾಗ ಸಂಡೇ ಕೋಟ್ ಕಿವಿ ನಿಮಿರಿಸಿಕೊಂಡು ಮುಂದೆ ಬಂತು. ಕೊನೆಯದಕ್ಕಿಂತ ಹಿಂದಿನ ಬೇಲಿಗೆ ನಾವೇ ಮುಂದು. ಹಾರಿ ಇಳಿದಾಗ ಭುಜ ಕಳಚಿತು. ಎಡಗೈ ನನ್ನದಲ್ಲದ ಹಾಗೆ ಜೋತುಬಿತ್ತು. ಮುಂದೆ ಒಂದೇ ಬೇಲಿ. ಇಂಥ ಹೊತ್ತಿನಲ್ಲಿ ಹಿಂದೆಯೂ ಹಾರಿದ್ದೇನೆ ಅಮ್ಮಾ, ಕಣ್ಣು ಮುಚ್ಚಿ ಕುದುರೆಗೇ ಬಿಟ್ಟು.

ಆಗ ನೀನು ಕಂಡೆ. ಅಪ್ಪನ ಕಂದು ಕೋಟು ಹಾಕಿಕೊಂಡು ಹಗ್ಗದ ಪಕ್ಕ ನಿಂತಿದ್ದೆ. ಕಣ್ಣು ಮುಚ್ಚಿರಲಿಲ್ಲ. ಕೈ ಅಡ್ಡ ಹಿಡಿದಿರಲಿಲ್ಲ. ನೇರವಾಗಿ ನೋಡುತ್ತಿದ್ದೆ. ಅಷ್ಟು ವರ್ಷ ನೋಡದವಳು ನೋಡಲು ಬಂದ ದಿನವೇ ನಿನ್ನ ಮುಂದೆ ಬೀಳಲು ನನಗೆ ಮನಸ್ಸಾಗಲಿಲ್ಲ. ಬಲಗೈಯಲ್ಲಿ ಕುದುರೆಯನ್ನು ಪಕ್ಕಕ್ಕೆ ಎಳೆದೆ. ಬಿಷಪ್ಸ್ ಅಂಬ್ರೆಲಾ ನಮ್ಮನ್ನು ದಾಟಿ ಹೋಯಿತು.

ಜನ ಬೈದು ಕೂಗಿದ್ದು ನೀನೂ ಕೇಳಿದೆ. ನೀನು ಹಗ್ಗದ ಕೆಳಗೆ ನುಸುಳಿ ಬಂದಾಗ ಆ ಕೆಂಪು ಮುಖದ ಕಾವಲಿನವನು, ‘ಏಯ್ ಅಜ್ಜಿ, ಎಲ್ಲಿಗೆ ಹೋಗ್ತಿದ್ದೀ, ಆಚೆ ಬಾ’ ಎಂದ. ‘ಅವ್ಳು ನನ್ ಮಗಳು, ನೀನ್ಯಾರಪ್ಪಾ?’ ಎಂದು ತಿರುಗಿ ಕೂಡ ನೋಡದೆ ಹೇಳಿದೆ. ಸಂಡೇ ಕೋಟ್ ಹೊಸಬರನ್ನು ಕಚ್ಚುತ್ತದೆ. ನಿನ್ನನ್ನು ಕಚ್ಚಲಿಲ್ಲ. ನೀನು ಲಗಾಮು ಹಿಡಿದು, ‘ಇಳಿ. ನಾನು ಹಿಡ್ಕೊಂಡಿದ್ದೀನಿ’ ಎಂದೆ. ಅಷ್ಟು ಕೇಳಿದ್ದೇ ನನಗೆ ಕಣ್ಣು ಕತ್ತಲೆ ಬಂತು.

ಕಾನ್ರಾಯ್ ನನ್ನ ಮುಖ ನೋಡಲಿಲ್ಲ. ಸಂಡೇ ಕೋಟ್ ಮೇಲೆ ಈಗ ಬೇರೆ ಹುಡುಗ. ಪ್ರಾಸರ್ ನನ್ನನ್ನು ಕೆಲಸದಿಂದ ತೆಗೆದಿಲ್ಲ. ‘ಗುಡಿಸೋಕೆ ಒಂದು ಕೈ ಸಾಕಲ್ಲ’ ಎಂದರು, ಒಳ್ಳೆಯ ಮನಸ್ಸಿನಿಂದಲೇ. ಬರುವ ವಾರ ಶುಕ್ರವಾರ ಆಪರೇಷನ್. ಮತ್ತೆ ಕುದುರೆ ಹತ್ತುವುದು ಕಷ್ಟ ಎಂದಿದ್ದಾರೆ ಡಾಕ್ಟರು. ನನಗೆ ತುಂಬಾ ಭಯವಾಗುತ್ತಿದೆ. ಇಲ್ಲಿ ಹೇಳಲು ಯಾರೂ ಇಲ್ಲ, ನಿನಗೆ ಹೇಳುತ್ತಿದ್ದೇನೆ.

ಇಲ್ಲಿಗೆ ಬರಬೇಡ, ದಾರಿ ದೂರ, ನಿನಗೆ ಹಡಗು ಆಗುವುದಿಲ್ಲ. ಟೆಡ್ಡಿಗೆ ಅವತ್ತು ಫೋನ್ ಮುಟ್ಟಬೇಡ ಎನ್ನು. ಎಚ್ಚರವಾದ ಮೇಲೆ ಮನೆಗೆ ಫೋನ್ ಮಾಡಲು ನರ್ಸಿಗೆ ಹೇಳುತ್ತೇನೆ. ಒಂದೇ ಸಲ.

ನಿನ್ನ
ಈಟಾ


ನಾಕ್‌ಬ್ರಾಕ್
24 ಏಪ್ರಿಲ್ 1988

ಪ್ರೀತಿಯ ಈಟಾ,

ಮೊದಲು ಕಚೇರಿಯ ಸುದ್ದಿ. ಅಂಕಣ ನನ್ನ ಕೈಯಿಂದ ಹೋಯಿತು. ಹೆಸರು ಬಯಲು ಮಾಡಿದ್ದಕ್ಕೆ ಲಾಫನ್ ಸಾಹೇಬರಿಗೆ ಸಿಟ್ಟು. ನಿನ್ನ ಕುದುರೆಯ ಮೇಲೆ ದುಡ್ಡು ಕಟ್ಟಿದವರೆಲ್ಲ ಬಂದು ಅವರ ತಲೆ ತಿಂದಿದ್ದಾರೆ. ಬಿಷಪ್ಸ್ ಅಂಬ್ರೆಲಾ ಎಂದು ಅದೇ ಪುಟದಲ್ಲಿ ಬರೆದಿತ್ತಲ್ಲ ಎಂದರೆ ಯಾರು ಕೇಳುತ್ತಾರೆ. ನಾನು ಮತ್ತೆ ಮರಣಕ್ಕೂ ಹಸುಗಳಿಗೂ ಬಂದಿದ್ದೇನೆ. ಗಸ್‌ಗೆ ಕತ್ತರಿಕೆ ಓದಿ ಹೇಳಿದೆ. ಅವನು, ‘ಸಾಲು ತಪ್ಪಿಸಲಿಲ್ಲ’ ಎಂದ. ಇನ್ನು ಅವನು ಎದ್ದು ಬರುವುದಿಲ್ಲ ಈಟಾ. ಭಾನುವಾರಗಳಲ್ಲಿ ಹೋಗಿ ಕೂತಿರುತ್ತೇನೆ.

ನಿನ್ನೆ ಟೀವಿಯಲ್ಲಿ ಇಂಗ್ಲೆಂಡಿನ ಒಂದು ಓಟ ಬಂತು. ಮನೆಯವರು ಯಾರೂ ಇಲ್ಲದ ಓಟ, ಆದರೂ ಕೊನೆಯವರೆಗೆ ನೋಡಿದೆ. ಅಚ್ಚು ಹಾಕುವವರಿಲ್ಲದಿದ್ದರೂ ಅಭ್ಯಾಸಬಲ, ಒಂದು ಸಾಲು ಬರೆದೆ. ಸಂಡೇ ಕೋಟ್: ಚೆನ್ನಾಗಿ ಹಾರಿತು, ಎರಡನೆಯದಾಗಿ ಬಂತು, ನಿಂತ ಮೇಲೆ ಯಾರನ್ನೋ ಹುಡುಕುವ ಹಾಗೆ ತಲೆ ತಿರುಗಿಸಿತು.

ನಿನಗೆ ಇದು ನೋವಾಗುತ್ತದೆಂದು ಗೊತ್ತು. ಆದರೂ ಕಂಡದ್ದನ್ನು ನಿನ್ನಿಂದ ಮುಚ್ಚಿಡಬಾರದು ಎಂದು ಬರೆದೆ. ಕೈ ವಾಸಿಯಾಗುವ ತನಕ ಮನೆಗೆ ಬಾ. ಹಾಸಿಗೆ ಯಾಕೆ ತರಿಸಿದೆ ಎಂದು ಕೇಳಿದ್ದೆಯಲ್ಲ, ಅದಕ್ಕೇ ತರಿಸಿದ್ದು.

ಇನ್ನು ಶುಕ್ರವಾರದ ವಿಷಯ. ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆ ಪೂಜೆಗೆ ಹೋಗಿ ಸಂತ ಈಟಾಳ ಮುಂದೆ ಮೇಣದ ಬತ್ತಿ ಹಚ್ಚಿ ಬಂದೆ. ಟೆಡ್ಡಿ ಪಬ್ಬನ್ನು ಹೆಂಡತಿಗೆ ಒಪ್ಪಿಸಿ ಬಂದು ಅಡುಗೆಮನೆಯಲ್ಲಿ ಟೋಪಿ ಹಿಡಿದುಕೊಂಡು ಕೂತ. ನಾನು ಬಕೆಟ್ಟು ತಂದು ಹೊಸಿಲಿಗೆ ಕೂತೆ. ಅರ್ಧ ತೊಳೆದಿದ್ದೆ, ಅಷ್ಟರಲ್ಲಿ ಬಡಿಯಿತು.

ಟೆಡ್ಡಿ ಎದ್ದು ನಿಂತುಬಿಟ್ಟ. ‘ನೋನಿ, ಎತ್ತು. ಎತ್ತೇ.’

‘ಸುಮ್ನಿರು ಟೆಡ್ಡಿ’ ಎಂದೆ. ‘ಅದು ಎತ್ತೋ ಫೋನಲ್ಲ.’

ನಿಂತಿತು. ಇಬ್ಬರೂ ಕಾದೆವು. ಮತ್ತೆ ಬಡಿಯಲಿಲ್ಲ. ಹೊಸಿಲನ್ನು ಅರ್ಧಕ್ಕೇ ಬಿಟ್ಟು, ಕೈ ಒರೆಸಿಕೊಂಡು ಒಳಗೆ ಬಂದು ಚಹಾಕ್ಕೆ ನೀರಿಟ್ಟೆ.

ನಿನ್ನ
ಅಮ್ಮ